ಪಾರ್ಟಿಶನ್ ಟೇಬಲ್ ನಕಲು ಕೈಕೊಟ್ಟಾಗ: ಲಿನಕ್ಸ್ ಡಿಸ್ಕ್‌ಗಳ ದೋಷ ನಿವಾರಣೆ

ರೈಡ್ 1 ಜೋಡಿಯಲ್ಲಿ, ಅಂದರೆ ಒಂದೇ ಡೇಟಾವನ್ನು ಎರಡು ಡಿಸ್ಕ್‌ನಲ್ಲಿ ಇಡುವ ವ್ಯವಸ್ಥೆಯಲ್ಲಿ, ಒಂದು ಡಿಸ್ಕ್ ಕೆಟ್ಟಿದೆ, ಹೊಸದು ಬಂದಿದೆ. ಉಳಿದಿರುವ ಡಿಸ್ಕ್‌ನಲ್ಲಿ ಪಾರ್ಟಿಶನ್‌ಗಳು ಹೇಗಿವೆಯೋ ಹೊಸದರಲ್ಲೂ ಹಾಗೇ ಮಾಡಿ ರೈಡ್‌ಗೆ ಸೇರಿಸಬೇಕು. ಕೆಲಸ ಒಂದೇ ಸಾಲಿನದು. ಆದರೆ ಆ ಒಂದು ಸಾಲು ತಪ್ಪಿದರೆ ಏನೇನು ಕಾಣಿಸಿಕೊಳ್ಳುತ್ತದೆ, ಯಾವುದರ ಅರ್ಥ ಏನು, ಯಾವಾಗ ಕೈ ತೆಗೆಯಬೇಕು ಎಂಬುದು ಇಲ್ಲಿದೆ.

ಇಡೀ ಬರಹದಲ್ಲಿ ಎಸ್‌ಡಿಎ ಅಂದರೆ ಚೆನ್ನಾಗಿರುವ ಹಳೇ ಡಿಸ್ಕ್, ಎಸ್‌ಡಿಬಿ ಅಂದರೆ ಹೊಸದು. ಆಜ್ಞೆಗಳನ್ನು ಫೋನಿನಲ್ಲಿ ಹೇಳಿ ಟೈಪ್ ಮಾಡಿಸುವಂತೆ ಉಚ್ಚಾರದಲ್ಲೇ ಕೊಟ್ಟಿದ್ದೇನೆ. ‘ಕ್ಯಾಪಿಟಲ್’ ಎಂದು ಹೇಳದ ಕಡೆ ಎಲ್ಲವೂ ಸಣ್ಣಕ್ಷರ.

ಏನನ್ನೂ ಬರೆಯುವ ಮುನ್ನ

ಮೊದಲು ಯಾವ ಡಿಸ್ಕ್ ಯಾವುದು ಎಂದು ಖಚಿತ ಮಾಡಿಕೊಳ್ಳಿ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಶಾಶ್ವತವಲ್ಲ. ರೀಬೂಟ್ ಆದರೆ, ಕೇಬಲ್ ಬದಲಾದರೆ ಅದಲುಬದಲಾಗುತ್ತವೆ. ‘ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಸೈಜ್,ಮಾಡೆಲ್,ಸೀರಿಯಲ್’ ಕೊಟ್ಟರೆ ಸೀರಿಯಲ್ ನಂಬರ್ ಬರುತ್ತದೆ. ಡಿಸ್ಕ್‌ನ ಸ್ಟಿಕ್ಕರ್ ಮೇಲಿನ ನಂಬರ್‌ಗೆ ಅದನ್ನು ತಾಳೆ ನೋಡಿ. ಇದಕ್ಕೆ ದುಡ್ಡು ಖರ್ಚಿಲ್ಲ, ಅರ್ಧ ನಿಮಿಷ ಸಾಕು.

ಎರಡನೆಯದು, ಎಲ್ಲ ಕಡೆ ಹೇಳಿಕೊಡುವ ಪೈಪ್ ರೀತಿ, ಅಂದರೆ ಒಂದು ಡಿಸ್ಕ್‌ನಿಂದ ತೆಗೆದು ನೇರವಾಗಿ ಇನ್ನೊಂದಕ್ಕೆ ಸುರಿಯುವುದು, ನನಗೆ ಒಪ್ಪಿಗೆಯಿಲ್ಲ. ನಡುವೆ ಒಂದು ಫೈಲ್ ಇರಲಿ. ‘ಎಸ್‌ಎಫ್‌ಡಿಸ್ಕ್ -ಡಿ /ಡೆವ್/ಎಸ್‌ಡಿಎ’ ಕೊಟ್ಟು, ಬಂದದ್ದನ್ನು (ಇದೇ ಡಂಪ್) ಫೈಲ್‌ಗೆ ಹಾಕಿ, ಆ ಫೈಲನ್ನು ಪೆನ್‌ಡ್ರೈವ್‌ಗೂ ನಕಲು ಮಾಡಿ, ತೆರೆದು ಓದಿ. 500 ಜಿಬಿ ಡಿಸ್ಕ್‌ನದು ಹೀಗಿರುತ್ತದೆ:

ಲೇಬಲ್: ಜಿಪಿಟಿ
ಲೇಬಲ್-ಐಡಿ: (ಉದ್ದನೆಯ ಗುರುತು)
ಯೂನಿಟ್: ಸೆಕ್ಟರ್ಸ್
ಫಸ್ಟ್-ಎಲ್‌ಬಿಎ: 34
ಲಾಸ್ಟ್-ಎಲ್‌ಬಿಎ: 976773134
ಸೆಕ್ಟರ್-ಸೈಜ್: 512
/ಡೆವ್/ಎಸ್‌ಡಿಎ1 : ಸ್ಟಾರ್ಟ್=2048, ಸೈಜ್=1048576, ಟೈಪ್=…, ಯುಯುಐಡಿ=…
/ಡೆವ್/ಎಸ್‌ಡಿಎ2 : ಸ್ಟಾರ್ಟ್=1050624, ಸೈಜ್=975720448, ಟೈಪ್=…, ಯುಯುಐಡಿ=…

ಮುಂದೆ ಬರುವ ಹೆಚ್ಚುಕಮ್ಮಿ ಎಲ್ಲ ತೊಂದರೆಗಳ ಮೂಲವೂ ಈ ಎಂಟು ಸಾಲಿನಲ್ಲೇ ಇದೆ. ಅಳತೆಯೆಲ್ಲ ಸೆಕ್ಟರ್ (ಇಲ್ಲಿ ತಲಾ 512 ಬೈಟ್) ಲೆಕ್ಕದಲ್ಲಿದೆ, ಎಂಬಿ-ಜಿಬಿಯಲ್ಲಿ ಅಲ್ಲ. ಡಿಸ್ಕ್‌ನ ಕೊನೆ ಎಲ್ಲಿ ಎಂಬುದು ಹಳೇ ಡಿಸ್ಕ್‌ನ ಲೆಕ್ಕ. ಗುರುತಿನ ನಂಬರ್‌ಗಳೂ ಹಳೆಯದರವೇ. ಈ ಮೂರನ್ನು ನೋಡದೆ ಸುರಿದರೆ, ಅಂದರೆ ಆ ಫೈಲನ್ನು ‘ಎಸ್‌ಎಫ್‌ಡಿಸ್ಕ್ /ಡೆವ್/ಎಸ್‌ಡಿಬಿ’ಗೆ ಓದಿಸಿ ಹೊಸ ಡಿಸ್ಕ್‌ಗೆ ಬರೆದರೆ, ಮೂರು ಬಗೆಯ ಪೇಚಾಟ ಕಾದಿರುತ್ತದೆ.

ಹಳೆಯ ಸರ್ವರ್ ಆಗಿದ್ದರೆ ಒಂದು ಮಾತು. ಎಸ್‌ಎಫ್‌ಡಿಸ್ಕ್‌ಗೆ ಜಿಪಿಟಿ, ಅಂದರೆ ಈಗಿನ ಮಾದರಿಯ ಪಾರ್ಟಿಶನ್ ಟೇಬಲ್, ಅರ್ಥವಾಗಲು ಶುರುವಾದದ್ದು 2015ರಲ್ಲಿ ಬಂದ ಯುಟಿಲ್-ಲಿನಕ್ಸ್ (ಎಸ್‌ಎಫ್‌ಡಿಸ್ಕ್ ಇರುವ ಪ್ಯಾಕೇಜ್) 2.26ರಿಂದ. ಸೆಂಟ್‌ಒಎಸ್ 7ರಲ್ಲಿ ಇರುವುದು 2.23. ಅಲ್ಲಿ ಜಿಪಿಟಿ ಡಿಸ್ಕ್‌ನ ಡಂಪ್ ತೆಗೆದರೆ ‘ಇಇ’ ಎಂಬ ಟೈಪ್‌ನ ಒಂದೇ ಒಂದು ದೊಡ್ಡ ಪಾರ್ಟಿಶನ್ ಕಾಣುತ್ತದೆ. ಅದು ಹಳೇ ಸಾಫ್ಟ್‌ವೇರ್‌ಗಳು ಡಿಸ್ಕ್ ಖಾಲಿ ಇದೆ ಎಂದುಕೊಳ್ಳದಿರಲಿ ಎಂದು ಇಟ್ಟಿರುವ ಕಾವಲು ಸಾಲು, ನಿಜವಾದ ಲೇಔಟ್ ಅಲ್ಲ. ಅದನ್ನು ನಕಲು ಮಾಡಬೇಡಿ. ಜಿಪಿಟಿಗೆಂದೇ ಇರುವ ಎಸ್‌ಜಿಡಿಸ್ಕ್ ಬಳಸಿ.

ಲಕ್ಷಣ: ಆಜ್ಞೆ ತಕರಾರಿಲ್ಲದೆ ಮುಗಿಯಿತು, ಹೊಸ ಪಾರ್ಟಿಶನ್‌ಗಳು ಮಾತ್ರ ಕಾಣುತ್ತಿಲ್ಲ

ಬಹುತೇಕ ಸಲ ಇದು ದೋಷವೇ ಅಲ್ಲ. ಡಿಸ್ಕ್ ಮೇಲೆ ಬರೆದಾಗಿದೆ, ಕರ್ನಲ್ (ಲಿನಕ್ಸ್‌ನ ತಿರುಳು) ಇನ್ನೂ ಹಳೆಯ ಟೇಬಲನ್ನೇ ನೆನಪಿಟ್ಟುಕೊಂಡಿದೆ. ‘ಪಾರ್ಟ್‌ಪ್ರೋಬ್ /ಡೆವ್/ಎಸ್‌ಡಿಬಿ’ ಕೊಡಿ. ಅದಕ್ಕೂ ಜಗ್ಗದಿದ್ದರೆ ‘ಪಾರ್ಟ್‌ಎಕ್ಸ್ -ಯು /ಡೆವ್/ಎಸ್‌ಡಿಬಿ’. ಆಮೇಲೆ ಎಲ್‌ಎಸ್‌ಬಿಎಲ್‌ಕೆ ನೋಡಿ.

ಆಗಲೂ ಕಾಣದಿದ್ದರೆ ‘ಎಸ್‌ಎಫ್‌ಡಿಸ್ಕ್ -ಎಲ್’ ಕೊಟ್ಟು ಡಿಸ್ಕ್ ಮೇಲೆ ನಿಜಕ್ಕೂ ಏನಿದೆ ಎಂದು ನೋಡಿ. ಅಲ್ಲೂ ಇಲ್ಲವೆಂದರೆ ಬರೆದೇ ಇಲ್ಲ. ‘ಡಿಮೆಸ್ಗ್’ನ ಕೊನೆಯ ಸಾಲುಗಳಲ್ಲಿ ‘ಐ/ಒ ಎರರ್’ ಇದ್ದರೆ ಕೇಬಲ್ ತೆಗೆದು ಹಾಕಿ, ಸಾಟಾ ಪೋರ್ಟ್ ಬದಲಿಸಿ ನೋಡಿ. ಹೊಸ ಡಿಸ್ಕ್‌ನಲ್ಲಿ ಮತ್ತೆ ಅದೇ ಎರರ್ ಬಂದರೆ ಅಂಗಡಿಗೆ ವಾಪಸ್. ಹೊಸ ಡಿಸ್ಕ್ ಎಂದ ಮಾತ್ರಕ್ಕೆ ಒಳ್ಳೆಯ ಡಿಸ್ಕ್ ಆಗಬೇಕಿಲ್ಲ.

ಲಕ್ಷಣ: ‘ಡಿವೈಸ್ ಆರ್ ರಿಸೋರ್ಸ್ ಬ್ಯುಸಿ’

ಹೊಸ ಡಿಸ್ಕ್ ಎಂದು ತಂದದ್ದನ್ನು ಯಾರೋ ಆಗಲೇ ಹಿಡಿದುಕೊಂಡಿದ್ದಾರೆ ಎಂದರ್ಥ. ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಡಿಸ್ಕ್‌ನಲ್ಲಿ ಇದು ಬರುವುದು ಅಪರೂಪ. ಬೇರೆ ಮೆಷಿನ್‌ನಿಂದ ಬಿಚ್ಚಿ ತಂದದ್ದಾದರೆ ಸಾಮಾನ್ಯ.

ಎಲ್‌ಎಸ್‌ಬಿಎಲ್‌ಕೆಯಲ್ಲಿ ಎಸ್‌ಡಿಬಿ ಕೆಳಗೆ ಏನು ಜೋತುಬಿದ್ದಿದೆ ನೋಡಿ. ಡೆಸ್ಕ್‌ಟಾಪ್ ತಾನಾಗಿಯೇ ಮೌಂಟ್ ಮಾಡಿದ್ದರೆ ಅನ್‌ಮೌಂಟ್ ಮಾಡಿ. ಸ್ವಾಪ್ ಇದ್ದರೆ ‘ಸ್ವಾಪ್‌ಆಫ್’. ಎಂಡಿ127 ಎಂಬ ಅಪರಿಚಿತ ಹೆಸರು ಕಂಡರೆ, ಡಿಸ್ಕ್ ಹಿಂದೆ ಇನ್ಯಾವುದೋ ರೈಡ್‌ನಲ್ಲಿತ್ತು, ಸಿಸ್ಟಮ್ ಆ ಹಳೇ ಗುರುತು ನೋಡಿ ಜೋಡಿಸಿಕೊಂಡಿದೆ. ‘/ಪ್ರಾಕ್/ಎಂಡಿಸ್ಟಾಟ್’ ತೆರೆದು ಆ ಎಂಡಿ127ರಲ್ಲಿ ಇರುವುದು ಎಸ್‌ಡಿಬಿಯ ಪಾರ್ಟಿಶನ್ ಮಾತ್ರವೇ ಎಂದು ನೋಡಿ. ಹೌದಾದರೆ ಮಾತ್ರ ‘ಎಂಡಿಎಡಿಎಂ --ಸ್ಟಾಪ್ /ಡೆವ್/ಎಂಡಿ127’. ನಿಮ್ಮ ಚಾಲ್ತಿಯಲ್ಲಿರುವ ರೈಡ್‌ಗೇ ಆ ಹೆಸರು ಬಂದಿರುವುದೂ ಉಂಟು, ಎಚ್ಚರ.

ಹಳೇ ಗುರುತುಗಳನ್ನು ‘ವೈಪ್‌ಎಫ್‌ಎಸ್ /ಡೆವ್/ಎಸ್‌ಡಿಬಿ’ ತೋರಿಸುತ್ತದೆ. ಆಯ್ಕೆಯಿಲ್ಲದೆ ಕೊಟ್ಟರೆ ಬರೀ ಪಟ್ಟಿ, ‘-ಎ’ ಸೇರಿಸಿದರೆ ಅಳಿಸುತ್ತದೆ. ಪಾರ್ಟಿಶನ್‌ಗಳ ಒಳಗಿನ ಗುರುತಿಗೆ ಎಸ್‌ಡಿಬಿ1, ಎಸ್‌ಡಿಬಿ2 ಎಂದು ಒಂದೊಂದಕ್ಕೂ ಬೇರೆಯಾಗಿ ಕೊಡಬೇಕು. ಇದನ್ನು ಬಿಟ್ಟರೆ ಮುಂದೊಂದು ತಮಾಷೆ ನಡೆಯುತ್ತದೆ: ಹೊಸ ಟೇಬಲ್‌ನ ಗಡಿ ಹಳೆಯದರ ಗಡಿಯ ಮೇಲೇ ಬಿದ್ದರೆ, ಅಳಿದುಹೋಯಿತು ಎಂದುಕೊಂಡಿದ್ದ ಹಳೇ ರೈಡ್ ಎದ್ದು ಕೂರುತ್ತದೆ. ಹೊಸ ಪಾರ್ಟಿಶನ್ ಮಾಡಿದ ಕೂಡಲೇ ‘ಬ್ಯುಸಿ’ ಮತ್ತೆ ಬಂದರೆ ಕಾರಣ ಇದೇ.

‘--ಫೋರ್ಸ್’ ಹಾಕಿ ದಾಟಿಬಿಡುವ ಆಸೆ ಬರುತ್ತದೆ. ಯಾರು ಹಿಡಿದಿದ್ದಾರೆ ಎಂದು ಗೊತ್ತಾಗುವವರೆಗೆ ಬೇಡ. ಎಷ್ಟೋ ಸಲ ‘ಬ್ಯುಸಿ’ ಬರುವುದು ನೀವು ತಪ್ಪು ಡಿಸ್ಕ್‌ಗೆ ಬರೆಯಲು ಹೊರಟಿದ್ದೀರಿ ಎಂಬ ಕಾರಣಕ್ಕೆ.

ಲಕ್ಷಣ: ಪಾರ್ಟಿಶನ್ ಕಾಣುತ್ತದೆ, ಮೌಂಟ್ ಆಗುವುದಿಲ್ಲ

‘ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಸೂಪರ್‌ಬ್ಲಾಕ್’ ಎಂಬ ಸಂದೇಶ ನೋಡಿ ಗಾಬರಿಯಾಗಬೇಡಿ. ಟೇಬಲ್ ನಕಲು ಮಾಡುವುದೆಂದರೆ ಜಮೀನಿಗೆ ಗಡಿಕಲ್ಲು ನೆಟ್ಟ ಹಾಗೆ, ಮನೆ ಕಟ್ಟಿದ ಹಾಗಲ್ಲ. ಒಳಗೆ ಫೈಲ್‌ಸಿಸ್ಟಮ್ ಇಲ್ಲ, ಫೈಲ್‌ಗಳಂತೂ ಇಲ್ಲವೇ ಇಲ್ಲ. ರೈಡ್‌ಗೆ ಸೇರಿಸುವುದಾದರೆ ಮೌಂಟ್ ಮಾಡುವ ಅಗತ್ಯವೇ ಇಲ್ಲ, ‘ಎಂಡಿಎಡಿಎಂ /ಡೆವ್/ಎಂಡಿ0 --ಆಡ್ /ಡೆವ್/ಎಸ್‌ಡಿಬಿ2’ ಕೊಟ್ಟರೆ ಒಳಗಿನದೆಲ್ಲ ತಾನಾಗಿ ಬರುತ್ತದೆ. ಬೇರೆ ಬಳಕೆಗಾದರೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಲಕ್ಷಣ: ಕೊನೆಯ ಪಾರ್ಟಿಶನ್ ಹಿಡಿಸುತ್ತಿಲ್ಲ, ಅಥವಾ ‘ನಾಟ್ ಲಾರ್ಜ್ ಎನಫ್ ಟು ಜಾಯಿನ್ ಅರೇ’

ಹೊಸ ಡಿಸ್ಕ್ ಚಿಕ್ಕದು. ಪೆಟ್ಟಿಗೆಯ ಮೇಲಿನ ಅಂಕಿ ನಂಬದೆ ಸೆಕ್ಟರ್ ಎಣಿಸಿ. ‘ಬ್ಲಾಕ್‌ಡೆವ್ --ಗೆಟ್‌ಎಸ್‌ಜೆಡ್’ ಎರಡೂ ಡಿಸ್ಕ್‌ಗೆ ಕೊಡಿ, 512 ಬೈಟ್ ಲೆಕ್ಕದಲ್ಲಿ ಉತ್ತರ ಬರುತ್ತದೆ. ತಯಾರಕರು ಒಪ್ಪಿಕೊಂಡಿರುವ ಲೆಕ್ಕದ ಪ್ರಕಾರ 500 ಜಿಬಿ ಡಿಸ್ಕ್‌ನಲ್ಲಿ 97,67,73,168 ಸೆಕ್ಟರ್, 480 ಜಿಬಿ ಎಸ್‌ಎಸ್‌ಡಿಯಲ್ಲಿ 93,77,03,088, 512 ಜಿಬಿಯದರಲ್ಲಿ 1,00,02,15,216. ಅಂಗಡಿಯಲ್ಲಿ ಮೂರನ್ನೂ ‘ಅರ್ಧ ಟಿಬಿ’ ಎಂದೇ ಮಾರುತ್ತಾರೆ. 500ರ ಜಾಗಕ್ಕೆ 480 ತಂದಿದ್ದರೆ ಸುಮಾರು 20 ಜಿಬಿ ಕೊರತೆ.

ಕೊನೆಯ ಪಾರ್ಟಿಶನ್‌ನಲ್ಲಿ ಇರಿಸಬೇಕಾದದ್ದು ಏನೂ ಇಲ್ಲವಾದರೆ ಸುಲಭ. ಡಂಪ್ ಫೈಲ್‌ನಲ್ಲಿ ‘ಲಾಸ್ಟ್-ಎಲ್‌ಬಿಎ’ ಸಾಲು ಅಳಿಸಿ, ಕೊನೆಯ ಪಾರ್ಟಿಶನ್‌ನ ‘ಸೈಜ್=’ ಭಾಗವನ್ನೂ ಅಳಿಸಿ. ಉಳಿದ ಜಾಗವನ್ನೆಲ್ಲ ಎಸ್‌ಎಫ್‌ಡಿಸ್ಕ್ ಅದಕ್ಕೇ ಕೊಡುತ್ತದೆ. ಸಂಖ್ಯೆ ಕೂಡಿಸಿ ಕಳೆಯುವ ಕೆಲಸ ಇಲ್ಲ.

ರೈಡ್ ಆಗಿದ್ದರೆ ಆ ಉಪಾಯ ನಡೆಯುವುದಿಲ್ಲ, ಒಳಗೆ ಬರುವ ಪಾರ್ಟಿಶನ್ ಇರುವುದಕ್ಕಿಂತ ಚಿಕ್ಕದಿರಬಾರದು. ಮೊದಲು ಫೈಲ್‌ಸಿಸ್ಟಮ್ ಕುಗ್ಗಿಸಿ, ಆಮೇಲೆ ರೈಡ್ ಕುಗ್ಗಿಸಿ, ಆಮೇಲೆ ಸೇರಿಸುವ ದಾರಿ ಇದೆ. ಆದರೆ ಎಕ್ಸ್‌ಎಫ್‌ಎಸ್‌ನಲ್ಲಿ ಅದು ಕೈಗೂಡುವ ಮಾತಲ್ಲ, ಇಎಕ್ಸ್‌ಟಿ4 ಆದರೆ ಅನ್‌ಮೌಂಟ್ ಮಾಡಬೇಕು. ಜೊತೆಗೆ, ಉಳಿದಿರುವುದೇ ಒಂದು ಡಿಸ್ಕ್ ಇರುವಾಗ ಅದರ ಮೇಲೇ ಇಂಥ ಶಸ್ತ್ರಚಿಕಿತ್ಸೆ ಮಾಡುವುದು ಜಾಣತನವಲ್ಲ. ದೊಡ್ಡ ಡಿಸ್ಕ್ ಕೊಂಡು ತನ್ನಿ.

ಲಕ್ಷಣ: ‘ಬ್ಯಾಕಪ್ ಜಿಪಿಟಿ ಟೇಬಲ್ ಡಿಸ್ಕ್‌ನ ಕೊನೆಯಲ್ಲಿಲ್ಲ’, ಕೊನೆಗೆ ಜಾಗ ಸುಮ್ಮನೆ ಬಿದ್ದಿದೆ

ಹೊಸದು ದೊಡ್ಡದು. ಜಿಪಿಟಿ ತನ್ನ ಒಂದು ಪ್ರತಿಯನ್ನು ಡಿಸ್ಕ್‌ನ ಕಟ್ಟಕಡೆಯ ಸೆಕ್ಟರ್‌ಗಳಲ್ಲಿ ಇಡುತ್ತದೆ. ಚಿಕ್ಕ ಡಿಸ್ಕನ್ನು ಡಿಡಿಯಿಂದ (ಬೈಟ್‌ಗೆ ಬೈಟ್ ನಕಲು ಮಾಡುವ ಆಜ್ಞೆ) ಇಡಿಯಾಗಿ ದೊಡ್ಡದರ ಮೇಲೆ ಇಳಿಸಿದರೆ ಆ ಪ್ರತಿ ಮಧ್ಯದಲ್ಲೆಲ್ಲೋ ಸಿಕ್ಕಿಕೊಳ್ಳುತ್ತದೆ. ‘ಎಸ್‌ಜಿಡಿಸ್ಕ್ -ಇ /ಡೆವ್/ಎಸ್‌ಡಿಬಿ’ ಅದನ್ನು ಕೊನೆಗೆ ಸರಿಸುತ್ತದೆ. ಅಪಾಯ ಕಡಿಮೆ.

ಟೇಬಲ್ ಜಿಪಿಟಿಗಿಂತ ಹಳೇ ಮಾದರಿಯಾದ ಎಂಬಿಆರ್ ಆಗಿದ್ದು ಹೊಸ ಡಿಸ್ಕ್ 4 ಟಿಬಿ ಆಗಿದ್ದರೆ ಬೇರೆ ಮಾತು. 512 ಬೈಟ್ ಸೆಕ್ಟರ್‌ನಲ್ಲಿ ಎಂಬಿಆರ್‌ನ ಲೆಕ್ಕ 2 ಟಿಐಬಿಗೆ ಮುಗಿಯುತ್ತದೆ. ಅದರಾಚೆಯ ಜಾಗ ಬೇಕೆಂದರೆ ನಕಲು ಬಿಟ್ಟು ಹೊಸದಾಗಿ ಜಿಪಿಟಿ ಮಾಡಬೇಕು.

ಲಕ್ಷಣ: ಕೆಲವು ಪಾರ್ಟಿಶನ್ ಬಂದವು, ಕೆಲವು ಬರಲಿಲ್ಲ

‘ಮೊದಲ 512 ಬೈಟ್ ಡಿಡಿ ಮಾಡಿ ಸಾಕು’ ಎಂಬ ಹಳೇ ಸಲಹೆಯ ಫಲ ಇದು. ಎಂಬಿಆರ್‌ನ ಆ ಒಂದು ಸೆಕ್ಟರ್‌ನಲ್ಲಿ ಇರುವುದು ನಾಲ್ಕೇ ನಮೂದು. 5ರಿಂದ ಮುಂದಿನ ಲಾಜಿಕಲ್ ಪಾರ್ಟಿಶನ್‌ಗಳ ವಿವರ ಎಕ್ಸ್‌ಟೆಂಡೆಡ್ ಪಾರ್ಟಿಶನ್‌ನೊಳಗೆ ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಿಕೊಂಡು ಚದುರಿರುತ್ತದೆ. ಜಿಪಿಟಿಯಲ್ಲಂತೂ ಆ ಸೆಕ್ಟರ್‌ನಲ್ಲಿ ಕಾವಲು ಸಾಲು ಬಿಟ್ಟರೆ ಬೇರೇನಿಲ್ಲ. ಹೆಡರ್ ಇರುವುದು ಮುಂದಿನ ಸೆಕ್ಟರ್‌ನಲ್ಲಿ, ಅದರ ನಂತರ ತಲಾ 128 ಬೈಟ್‌ನ 128 ನಮೂದುಗಳಿಗೆ 32 ಸೆಕ್ಟರ್. ಮೇಲಿನ ಡಂಪ್‌ನಲ್ಲಿ ಬಳಕೆಯ ಜಾಗ 34ರಿಂದ ಶುರುವಾಗುವುದು ಅದಕ್ಕೇ. ಎಸ್‌ಎಫ್‌ಡಿಸ್ಕ್ ಡಂಪ್‌ನಿಂದ ಮತ್ತೆ ಮಾಡಿ, ಸರಿಹೋಗುತ್ತದೆ.

ಲಕ್ಷಣ: ಯುಎಸ್‌ಬಿ ಡಾಕ್‌ನಲ್ಲಿ ಸರಿಯಿತ್ತು, ಮೆಷಿನ್ ಒಳಗೆ ಹಾಕಿದರೆ ಖಾಲಿ

ಇದು ತಲೆ ಕೆಡಿಸುವಂಥದ್ದು. ಡಿಸ್ಕ್ ಕೆಟ್ಟಿಲ್ಲ, ಡೇಟಾ ಹೋಗಿಲ್ಲ, ಆದರೂ ಏನೂ ಕಾಣುವುದಿಲ್ಲ. ಕೆಲವು ಯುಎಸ್‌ಬಿ ಡಾಕ್‌ಗಳು 2 ಟಿಬಿಗಿಂತ ದೊಡ್ಡ ಡಿಸ್ಕ್ ಹಾಕಿದಾಗ ಸೆಕ್ಟರ್ 4096 ಬೈಟ್ ಎಂದು ಕಂಪ್ಯೂಟರ್‌ಗೆ ಹೇಳುತ್ತವೆ. ಅದೇ ಡಿಸ್ಕನ್ನು ಸಾಟಾ ಪೋರ್ಟ್‌ಗೆ ಹಾಕಿದರೆ 512. ಡಾಕ್‌ನಲ್ಲಿ ಜಿಪಿಟಿ ಹೆಡರ್ ಕೂತದ್ದು 4096ನೇ ಬೈಟ್‌ನಲ್ಲಿ, ಒಳಗೆ ಹಾಕಿದಾಗ ಕರ್ನಲ್ ಹುಡುಕುವುದು 512ನೇ ಬೈಟ್‌ನಲ್ಲಿ.

‘ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಲಾಗ್-ಸೆಕ್,ಫೈ-ಸೆಕ್’ ಎರಡೂ ಕಡೆ ಕೊಟ್ಟು ನೋಡಿ. ಲಾಗ್-ಸೆಕ್ ಎಂಬ ಕಾಲಂ ಬೇರೆ ಬೇರೆ ಬಂದರೆ ಕಾರಣ ಸಿಕ್ಕಿತು. ಫೈ-ಸೆಕ್ 4096 ಇದ್ದು ಲಾಗ್-ಸೆಕ್ 512 ಇದ್ದರೆ ಚಿಂತೆಯಿಲ್ಲ, ಈಗಿನ ಎಷ್ಟೋ ಹಾರ್ಡ್‌ಡಿಸ್ಕ್‌ಗಳು ಹಾಗೇ ಇರುತ್ತವೆ.

ಡಿಸ್ಕ್‌ನಲ್ಲಿ ಡೇಟಾ ಇಲ್ಲದಿದ್ದರೆ, ಎಲ್ಲಿ ಬಳಸುತ್ತೀರೋ ಅಲ್ಲೇ ಸಿಕ್ಕಿಸಿ ಹೊಸದಾಗಿ ಟೇಬಲ್ ಬರೆಯಿರಿ. ಡೇಟಾ ಇದ್ದರೆ ಏನನ್ನೂ ಬರೆಯದೆ ‘ಲೋಸೆಟಪ್ --ರೀಡ್-ಓನ್ಲಿ --ಸೆಕ್ಟರ್-ಸೈಜ್ 4096 --ಪಾರ್ಟ್‌ಸ್ಕ್ಯಾನ್ --ಫೈಂಡ್ --ಶೋ /ಡೆವ್/ಎಸ್‌ಡಿಬಿ’ ಕೊಟ್ಟರೆ ಡಾಕ್ ಕಣ್ಣಿಗೆ ಕಂಡ ಹಾಗೆ ಪಾರ್ಟಿಶನ್‌ಗಳು ಲೂಪ್ ಡಿವೈಸ್‌ನಲ್ಲಿ ಕಾಣುತ್ತವೆ. ಡೇಟಾ ಹೊರಗೆ ತೆಗೆದು ಆಮೇಲೆ ಮುಂದುವರಿಯಿರಿ.

ಇದೇ ತೊಂದರೆಯ ಇನ್ನೊಂದು ಮುಖ: ನಿಜಕ್ಕೂ 4096 ಬೈಟ್ ಲಾಜಿಕಲ್ ಸೆಕ್ಟರ್ ಇರುವ ಡಿಸ್ಕ್‌ಗೆ ಮೇಲಿನ ಡಂಪ್ ಸುರಿದರೆ ಎಲ್ಲ ಅಳತೆ ಎಂಟು ಪಟ್ಟು. 512 ಎಂಐಬಿ ಇರಬೇಕಾದ ಮೊದಲ ಪಾರ್ಟಿಶನ್ 4 ಜಿಐಬಿ ಆಗುತ್ತದೆ, ಎರಡನೆಯದು ಹೆಚ್ಚುಕಮ್ಮಿ 4 ಟಿಬಿ ಕೇಳುತ್ತದೆ. ಸ್ಟಾರ್ಟ್, ಸೈಜ್ ಎರಡನ್ನೂ 8ರಿಂದ ಭಾಗಿಸಿ, ಫಸ್ಟ್-ಎಲ್‌ಬಿಎ, ಲಾಸ್ಟ್-ಎಲ್‌ಬಿಎ, ಸೆಕ್ಟರ್-ಸೈಜ್ ಸಾಲುಗಳನ್ನು ತೆಗೆದು ಬರೆಯಿರಿ.

ಲಕ್ಷಣ: ಎರಡೂ ಡಿಸ್ಕ್ ಇದ್ದಾಗ ಒಮ್ಮೆ ಒಂದು ಮೌಂಟ್, ಇನ್ನೊಮ್ಮೆ ಇನ್ನೊಂದು

ಎರಡು ಡಿಸ್ಕ್‌ಗೆ ಒಂದೇ ಗುರುತಿನ ಚೀಟಿ. ‘ಬಿಎಲ್‌ಕೆಐಡಿ’ ಕೊಟ್ಟು ಪಾರ್ಟ್‌ಯುಯುಐಡಿ (ಪಾರ್ಟಿಶನ್‌ನ ಗುರುತು) ಹೋಲಿಸಿ. ಒಂದೇ ಇದ್ದರೆ ಎಫ್‌ಎಸ್‌ಟ್ಯಾಬ್ (ಏನನ್ನು ಎಲ್ಲಿ ಮೌಂಟ್ ಮಾಡಬೇಕೆಂಬ ಪಟ್ಟಿ) ಅಥವಾ ಬೂಟ್ ಸಾಲು ಯಾವುದನ್ನು ಹಿಡಿಯುತ್ತದೆ ಎಂಬುದು ಆಯಾ ಸಲದ ಅದೃಷ್ಟ. ಅದೇ ಮೆಷಿನ್‌ನಲ್ಲಿ ವಿಂಡೋಸ್ ಕೂಡ ಇದ್ದರೆ ಅದು ಎರಡರ ಗುರುತೂ ಒಂದೇ ಎಂದು ಹೇಳಿ ಒಂದು ಡಿಸ್ಕನ್ನು ಆಫ್‌ಲೈನ್ ಮಾಡಿ ಕೂರಿಸುತ್ತದೆ.

ಜಿಪಿಟಿಗೆ ‘ಎಸ್‌ಜಿಡಿಸ್ಕ್ -ಕ್ಯಾಪಿಟಲ್ ಜಿ /ಡೆವ್/ಎಸ್‌ಡಿಬಿ’ ಕೊಟ್ಟರೆ ಗುರುತುಗಳೆಲ್ಲ ಹೊಸದಾಗುತ್ತವೆ. ಮೊದಲೇ ತಪ್ಪಿಸಬೇಕೆಂದರೆ ಡಂಪ್‌ನಲ್ಲಿ ‘ಲೇಬಲ್-ಐಡಿ’ ಸಾಲು, ‘ಯುಯುಐಡಿ=’ ಭಾಗಗಳನ್ನು ಅಳಿಸಿ. ‘ಟೈಪ್=’ ಮುಟ್ಟಬೇಡಿ. ಹಳೇ ಡಿಸ್ಕ್ ಈ ಮೆಷಿನ್‌ನಿಂದ ಹೊರಗೇ ಹೋಗುವುದಿದ್ದು ಎಫ್‌ಎಸ್‌ಟ್ಯಾಬ್‌ನಲ್ಲಿ ಪಾರ್ಟ್‌ಯುಯುಐಡಿ ಬಳಸಿದ್ದರೆ ಹಳೇ ಗುರುತೇ ಇರಲಿ, ಅಲ್ಲಿ ಅದು ಬೇಕಾದದ್ದೇ.

ಡಿಡಿಯಿಂದ ಒಳಗಿನದನ್ನೂ ನಕಲು ಮಾಡಿದ್ದರೆ ಫೈಲ್‌ಸಿಸ್ಟಮ್‌ಗೆ ತನ್ನದೇ ಇನ್ನೊಂದು ಯುಯುಐಡಿ ಇರುತ್ತದೆ, ಅದನ್ನೂ ಬದಲಿಸಬೇಕು. ಅವಳಿ ಎಕ್ಸ್‌ಎಫ್‌ಎಸ್ ಅನ್ನು ಕರ್ನಲ್ ‘ಡುಪ್ಲಿಕೇಟ್ ಯುಯುಐಡಿ’ ಎಂದು ಹೇಳಿ ಮೌಂಟ್ ಮಾಡಲು ಒಪ್ಪುವುದಿಲ್ಲ. ಇಎಕ್ಸ್‌ಟಿ4 ಬಾಯಿಬಿಡದೆ ಮೌಂಟ್ ಆಗಿಬಿಡುತ್ತದೆ, ಹಾಗಾಗಿ ಅದೇ ಹೆಚ್ಚು ಅಪಾಯದ್ದು.

ಲಕ್ಷಣ: ರೈಡ್ ಸರಿಯಿದೆ, ಹೊಸ ಡಿಸ್ಕ್ ಒಂದರಿಂದಲೇ ಬೂಟ್ ಆಗುವುದಿಲ್ಲ

ಬೂಟ್‌ಲೋಡರ್ ಟೇಬಲ್ ಜೊತೆ ಬರುವುದಿಲ್ಲ. ಬಯೋಸ್ ಬೂಟ್ ಆದರೆ ‘ಗ್ರಬ್-ಇನ್‌ಸ್ಟಾಲ್ /ಡೆವ್/ಎಸ್‌ಡಿಬಿ’. ಯುಇಎಫ್‌ಐ ಆದರೆ ಹೊಸ ಡಿಸ್ಕ್‌ನ ಇಎಸ್‌ಪಿಯನ್ನು (ಬೂಟ್ ಫೈಲ್‌ಗಳಿರುವ ಪಾರ್ಟಿಶನ್) ಎಫ್‌ಎಟಿ32 ಫಾರ್ಮ್ಯಾಟ್ ಮಾಡಿ, ಹಳೆಯದರ ಫೈಲ್‌ಗಳನ್ನು ನಕಲು ಮಾಡಿ, ‘ಇಎಫ್‌ಐಬೂಟ್‌ಎಂಜಿಆರ್’ನಿಂದ ನಮೂದು ಸೇರಿಸಿ. ಪ್ರಾಕ್ಸ್‌ಮಾಕ್ಸ್ ಇದ್ದವರು ಅದರದೇ ‘ಪ್ರಾಕ್ಸ್‌ಮಾಕ್ಸ್-ಬೂಟ್-ಟೂಲ್’ನ ಫಾರ್ಮ್ಯಾಟ್, ಇನಿಟ್ ಬಳಸಲಿ. ಹಳೇ ಡಿಸ್ಕ್ ಸಾಯುವವರೆಗೆ ಈ ದೋಷ ಗಮನಕ್ಕೆ ಬರುವುದೇ ಇಲ್ಲ. ಆದ್ದರಿಂದ ರೀಬಿಲ್ಡ್ ಮುಗಿದ ಮೇಲೆ ಮೆಷಿನ್ ಆಫ್ ಮಾಡಿ, ಹಳೆಯದರ ಕೇಬಲ್ ತೆಗೆದು ಒಮ್ಮೆ ಬೂಟ್ ಮಾಡಿ ನೋಡುವುದು ಒಳ್ಳೆಯದು. ಹಳೆಯದನ್ನು ಮತ್ತೆ ಸೇರಿಸಿದ ಮೇಲೆ ಸಿಂಕ್ ಮುಗಿಯುವವರೆಗೆ ಕಾಯಬೇಕು.

ಫ್ರೀಬಿಎಸ್‌ಡಿಯಲ್ಲಿ

ಅಲ್ಲಿ (ಎಡಿಎ0 ಹಳೆಯದು, ಎಡಿಎ1 ಹೊಸದು) ‘ಜಿಪಾರ್ಟ್ ಬ್ಯಾಕಪ್ ಎಡಿಎ0’ ಫೈಲ್‌ಗೆ, ಆ ಫೈಲ್‌ನಿಂದ ‘ಜಿಪಾರ್ಟ್ ರಿಸ್ಟೋರ್ -ಕ್ಯಾಪಿಟಲ್ ಎಫ್ ಎಡಿಎ1’ಗೆ. ಲೇಬಲ್‌ಗಳೂ ಬೇಕಿದ್ದರೆ ರಿಸ್ಟೋರ್‌ಗೆ ‘-ಎಲ್’ ಸೇರಿಸಿ. ‘ಜಿಪಾರ್ಟ್ ಶೋ’ದಲ್ಲಿ ‘ಕರಪ್ಟ್’ ಎಂದು ಕಂಡರೆ ಹೆದರುವಂಥದ್ದು ಸಾಮಾನ್ಯವಾಗಿ ಏನಿಲ್ಲ, ಕೊನೆಯ ಪ್ರತಿ ತನ್ನ ಜಾಗದಲ್ಲಿಲ್ಲ ಅಷ್ಟೆ. ‘ಜಿಪಾರ್ಟ್ ರಿಕವರ್’ ಸರಿಮಾಡುತ್ತದೆ.

ಲಕ್ಷಣ: ಹಳೇ ಡಿಸ್ಕ್ ಖಾಲಿ ತೋರಿಸುತ್ತಿದೆ

ದಿಕ್ಕು ತಿರುಗುಮುರುಗಾಗಿದೆ. ‘ಎಸ್‌ಜಿಡಿಸ್ಕ್ -ಕ್ಯಾಪಿಟಲ್ ಆರ್’ ಇದಕ್ಕೆ ಹೆಸರುವಾಸಿ. ಆರ್ ಪಕ್ಕದಲ್ಲೇ ಬರೆಯುವುದು ಯಾವುದಕ್ಕೆ ಬರೆಯಬೇಕೋ ಆ ಡಿಸ್ಕ್, ಕೊನೆಯಲ್ಲಿ ಬರುವುದು ಮೂಲ. ಸಿಪಿ ಆಜ್ಞೆಗೆ ಒಗ್ಗಿದ ಕೈ ಉಲ್ಟಾ ಟೈಪ್ ಮಾಡುತ್ತದೆ.

ರೀಬೂಟ್ ಮಾಡಬೇಡಿ. ಪಾರ್ಟ್‌ಪ್ರೋಬ್ ಕೊಡಬೇಡಿ. ಫಾರ್ಮ್ಯಾಟ್ ಅಂತೂ ಬೇಡವೇ ಬೇಡ, ಎಸ್‌ಎಸ್‌ಡಿಯಲ್ಲಿ ಇಎಕ್ಸ್‌ಟಿ4 ಫಾರ್ಮ್ಯಾಟ್ ಮೊದಲು ಆ ಜಾಗದ ಬ್ಲಾಕ್‌ಗಳನ್ನೆಲ್ಲ ಬೇಡವೆಂದು ಡಿಸ್ಕ್‌ಗೆ ಹೇಳಿಬಿಡುತ್ತದೆ, ಅಲ್ಲಿಂದ ವಾಪಸ್ ಬರುವ ದಾರಿ ಇಲ್ಲ.

ಅಳಿದಿರುವುದು ಟೇಬಲ್ ಮಾತ್ರ. ಮೊದಲೇ ಫೈಲ್‌ಗೆ ತೆಗೆದಿಟ್ಟ ಡಂಪ್ ಇದ್ದರೆ ಅದನ್ನೇ ವಾಪಸ್ ಬರೆದರೆ ಮುಗಿಯಿತು. ಡಂಪ್ ಇಲ್ಲ, ಆದರೆ ಮೆಷಿನ್ ಆ ಡಿಸ್ಕ್‌ನಿಂದಲೇ ಓಡುತ್ತಿದೆ ಎಂದರೆ, ಕರ್ನಲ್ ಹಳೇ ಟೇಬಲನ್ನು ಇನ್ನೂ ಮರೆತಿಲ್ಲ. ‘/ಸಿಸ್/ಬ್ಲಾಕ್/ಎಸ್‌ಡಿಎ/ಎಸ್‌ಡಿಎ1’ ಎಂಬ ಫೋಲ್ಡರ್‌ನಲ್ಲಿ ‘ಸ್ಟಾರ್ಟ್’, ‘ಸೈಜ್’ ಎಂಬ ಎರಡು ಫೈಲ್ ಇವೆ. ಪ್ರತಿ ಪಾರ್ಟಿಶನ್‌ನದನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಆ ಅಂಕಿ ಯಾವಾಗಲೂ 512 ಬೈಟ್ ಲೆಕ್ಕದ್ದು. ಅದರಿಂದ ಡಂಪ್ ಫೈಲ್‌ನ ರೂಪದಲ್ಲೇ ಕೈಯಾರೆ ಬರೆದು ಎಸ್‌ಎಫ್‌ಡಿಸ್ಕ್‌ಗೆ ಕೊಡಬಹುದು. ಯಾರು ಹಿಡಿದಿದ್ದಾರೆ ಎಂದು ಗೊತ್ತಿರುವ ಇಲ್ಲಿ ಮಾತ್ರ ‘--ನೋ-ರೀರೀಡ್ --ಫೋರ್ಸ್’ ಸರಿ.

ಡಿಡಿಯಿಂದ ಡಿಸ್ಕ್‌ನ ಮೊದಲ ಸೆಕ್ಟರ್‌ಗಳು ಮಾತ್ರ ಹೋಗಿದ್ದರೆ ಜಿಪಿಟಿಯ ಕೊನೆಯ ಪ್ರತಿ ಉಳಿದಿರುತ್ತದೆ. ‘ಜಿಡಿಸ್ಕ್’ ತೆರೆದು ‘ಆರ್’ ಒತ್ತಿ ರಿಕವರಿ ಮೆನುಗೆ ಹೋಗಿ, ‘ಬಿ’ಯಿಂದ ಕೊನೆಯ ಹೆಡರ್, ‘ಸಿ’ಯಿಂದ ಕೊನೆಯ ಟೇಬಲ್ ತನ್ನಿ. ‘ಪಿ’ ಒತ್ತಿ ಕಣ್ಣಾರೆ ನೋಡಿ, ಸರಿಯಿದ್ದರೆ ಮಾತ್ರ ‘ಡಬ್ಲ್ಯೂ’. ಯಾವುದೂ ಇಲ್ಲದಿದ್ದರೆ ಟೆಸ್ಟ್‌ಡಿಸ್ಕ್ ಹಳೇ ಗಡಿಗಳನ್ನು ಹುಡುಕಿಕೊಡುತ್ತದೆ. ಅದು ತೋರಿಸಿದ್ದನ್ನು ಬರೆಯುವ ಮುನ್ನ ಇಡೀ ಡಿಸ್ಕ್‌ನ ಇಮೇಜ್ ಬೇರೆ ಕಡೆ ತೆಗೆದಿಡಿ.

ಯಾವಾಗ ಕೈ ತೆಗೆಯಬೇಕು

ಉಳಿದಿರುವ ಹಳೇ ಡಿಸ್ಕ್ ಮೇಲೆ ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಟ್ಟಾಗ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸೊನ್ನೆಗಿಂತ ಹೆಚ್ಚಿದ್ದರೆ ನಕಲು, ರೀಬಿಲ್ಡ್ ಎರಡನ್ನೂ ನಿಲ್ಲಿಸಿ. ರೀಬಿಲ್ಡ್ ಆ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದುತ್ತದೆ. ಬಳಲಿದ ಡಿಸ್ಕ್ ಪೂರ್ತಿ ಸಾಯುವುದಕ್ಕೆ ಅಷ್ಟು ಸಾಕು. ಮೊದಲು ಮುಖ್ಯ ಫೈಲ್‌ಗಳ ಬ್ಯಾಕಪ್, ಆಮೇಲೆ ‘ಡಿಡಿರೆಸ್ಕ್ಯೂ’ದಿಂದ ಇಡೀ ಡಿಸ್ಕ್‌ನ ಪ್ರತಿ.

ಹಾರ್ಡ್‌ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ, ಬಯೋಸ್‌ನಲ್ಲೇ ಬಂದು ಹೋಗಿ ಮಾಡುತ್ತಿದ್ದರೆ, ಕರೆಂಟ್ ತೆಗೆಯಿರಿ. ಒಳಗಿರುವುದು ಬೆಲೆಬಾಳುವ ಡೇಟಾ ಆಗಿದ್ದರೆ ಡೇಟಾ ರಿಕವರಿಯವರ ಬಳಿ ಒಯ್ಯಿರಿ. ಹೋಗುವಾಗ ಟೇಬಲ್‌ನ ಡಂಪ್ ಫೈಲ್, ರೈಡ್‌ನಲ್ಲಿದ್ದ ಎರಡೂ ಡಿಸ್ಕ್, ‘ಎಂಡಿಎಡಿಎಂ --ಎಕ್ಸಾಮಿನ್’ ಕೊಟ್ಟಾಗ ಬಂದದ್ದು, ನೀವು ಈಗಾಗಲೇ ಟೈಪ್ ಮಾಡಿದ ಆಜ್ಞೆಗಳ ಪಟ್ಟಿ ಜೊತೆಗಿರಲಿ. ಆ ಪಟ್ಟಿಯಲ್ಲಿ ತಪ್ಪಿ ಒತ್ತಿದ ಆಜ್ಞೆಯನ್ನೂ ಮುಚ್ಚಿಡದೆ ಬರೆಯಿರಿ. ಅವರು ಮೊದಲು ಕೇಳುವುದು ಅದನ್ನೇ.